ಅಪ್‌ಡೇಟ್: ಹೀಟರ್ ರಾಡ್ ಚೆನ್ನಾಗೇ ಇದೆ, ವೋಲ್ಟೇಜೇ ಕಡಿಮೆ

1500 ವ್ಯಾಟ್‌ನ ಹೀಟರ್ ರಾಡ್ ನೀರು ಕಾಯಿಸಲು ತುಂಬಾ ಹೊತ್ತು ತಗೊಳ್ಳುತ್ತಿದೆ, ಕಾಯಿಲ್ ಹೋಗಿದೆಯಾ ಅಂತ ಕೇಳಿದ್ದೆ. "ರಾಡ್ ಬಿಸಾಕಬೇಡಿ, ಮೊದಲು ವೋಲ್ಟೇಜ್, ಕರೆಂಟ್ ಅಳೆಯಿರಿ" ಎಂದವರಿಗೆ ತುಂಬಾ ಥ್ಯಾಂಕ್ಸ್.

ಗದಗಿನ ನಮ್ಮ ಓಣಿಯ ಎಲೆಕ್ಟ್ರಿಷಿಯನ್ ಅಣ್ಣ ಕ್ಲ್ಯಾಂಪ್ ಮೀಟರ್ (ವೈರ್ ಕತ್ತರಿಸದೆ, ಅದರ ಸುತ್ತ ಹಿಡಿದು ಕರೆಂಟ್ ಅಳೆಯುವ ಮೀಟರ್) ತಂದರು. ಇಡೀ ಕೇಬಲ್‌ಗೆ ಹಾಕಿದರೆ ಅದು ಸೊನ್ನೆ ತೋರಿಸುತ್ತದೆ. ಹೋಗುವ ಕರೆಂಟು, ಬರುವ ಕರೆಂಟು ಎರಡೂ ಸಮ ಅಲ್ವಾ? ಅದಕ್ಕೇ ಫೇಸ್ ವೈರ್ ಒಂದನ್ನೇ ಮೀಟರ್‌ನ ಬಾಯೊಳಗೆ ಹಿಡಿದರು. 5.4 ಆಂಪಿಯರ್. ರಾಡ್ ಓಡುತ್ತಿರುವಾಗಲೇ ಸಾಕೆಟ್‌ನಲ್ಲಿ ನೋಡಿದರೆ 190 ವೋಲ್ಟ್.

190ನ್ನು 5.4ರಿಂದ ಭಾಗಿಸಿದರೆ ಸುಮಾರು 35.2 ಓಮ್, ಇದು ಕಾಯಿಲ್‌ನ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ). ರಾಡ್ ಮೇಲೆ ಬರೆದಿರುವುದು 230 ವೋಲ್ಟ್, 1500 ವ್ಯಾಟ್. ಅದರ ಪ್ರಕಾರ ಇರಬೇಕಾದ ರೆಸಿಸ್ಟೆನ್ಸ್, 230ರ ವರ್ಗವನ್ನು 1500ರಿಂದ ಭಾಗಿಸಿದರೆ, 35.3 ಓಮ್. ಅಂದರೆ ಕಾಯಿಲ್‌ಗೆ ಏನೂ ಆಗಿಲ್ಲ! ಆದರೆ ಪವರ್ 190 × 5.4, ಬರೀ 1026 ವ್ಯಾಟ್. ವೋಲ್ಟೇಜ್ ಇಳಿದಿದ್ದು ಶೇ 17, ಪವರ್ ಇಳಿದಿದ್ದು ಶೇ 32. ವೋಲ್ಟೇಜ್‌ನ ವರ್ಗಕ್ಕೆ ತಕ್ಕಂತೆ ಪವರ್ ಬದಲಾಗುತ್ತದೆ ಅನ್ನೋದನ್ನು ಶಾಲೆಯಲ್ಲಿ ಓದಿದ್ದೆ. ಮೀಟರ್‌ನಲ್ಲಿ ಕಂಡಾಗ ಬಹಳ ಖುಷಿಯಾಯಿತು. 15 ಲೀಟರ್ ನೀರು 20 ಡಿಗ್ರಿ ಏರಲು 14 ನಿಮಿಷ ಸಾಕಿತ್ತು, ಈಗ 20 ನಿಮಿಷ ಬೇಕು.

ಸಿಂಗಲ್ ಫೇಸ್ ಬೋರ್ ಮೋಟರ್‌ಗೂ ಇದೇ ಲೆಕ್ಕವಾ ಅಂತ ಒಬ್ಬರು ಕೇಳಿದ್ದರು. ಇಲ್ಲ, ಅಲ್ಲಿ ಪವರ್ ಫ್ಯಾಕ್ಟರ್‌ನಿಂದಲೂ (ವೋಲ್ಟ್ × ಆಂಪಿಯರ್‌ನಲ್ಲಿ ನಿಜವಾದ ಪವರ್ ಎಷ್ಟು ಪಾಲು ಅಂತ ಹೇಳುವ, 1ಕ್ಕಿಂತ ಕಡಿಮೆ ಇರುವ ಸಂಖ್ಯೆ) ಗುಣಿಸಬೇಕು. ಸುಮ್ನೆ ವೋಲ್ಟ್‌ನ್ನು ಆಂಪಿಯರ್‌ನಿಂದ ಗುಣಿಸಿದರೆ ಉತ್ತರ ಜಾಸ್ತಿ ಬರುತ್ತದೆ.

ವೋಲ್ಟೇಜ್ ಅಲ್ಲೇ ಇಳಿಯುತ್ತಿದೆಯಾ ಅಂತ ಕಂಬದ ಜಾಯಿಂಟ್ ನೋಡಲು ಲೈನ್‌ಮನ್‌ಗೆ ಹೇಳಿದ್ದೇವೆ. ಅಲ್ಲಿವರೆಗೆ ಹೊಸ ರಾಡ್ ತರುವುದಿಲ್ಲ.