ಡೈರಿಯಲ್ಲಿ ಡೇಟ್ ತಪ್ಪಿದ್ದಕ್ಕೆ ಪಾರ್ಟಿ (ಕಕ್ಷಿದಾರ) ಎದುರೇ ಫೈಲ್ ಎಸೆದರು. ಇದನ್ನೂ ಕಲಿಕೆ ಅನ್ನಬೇಕಾ?

ಒಂದೂವರೆ ವರ್ಷದ ಕೋಟು:
ಸನ್ನದು (ವಕೀಲಿಕೆಯ ಪರವಾನಗಿ) ಬಂದು ಒಂದೂವರೆ ವರ್ಷ. ಜಿಲ್ಲಾ ಕೋರ್ಟಿನಲ್ಲಿ ಒಬ್ಬ ಸಿವಿಲ್ ಸೀನಿಯರ್ ಹತ್ತಿರ ಇದ್ದೀನಿ. ಹೋದ ತಿಂಗಳು ಕೋರ್ಟಿನಲ್ಲಿ ‘ಸೆವೆನ್’ ಅಂದದ್ದು ನನಗೆ ‘ಲೆವೆನ್’ ಅಂತ ಕೇಳಿಸಿತು. ಡೈರಿಯಲ್ಲಿ 11 ಬರೆದೆ. 7ನೇ ತಾರೀಕು ಕೇಸ್ ಕರೆದಾಗ ನಮ್ಮ ಕಡೆ ಯಾರೂ ಇಲ್ಲ, ಎದುರಿನವರು ಹಾಜರು. ದಾವೆ ಡಿಫಾಲ್ಟ್ ಆಗಿ ವಜಾ. ತಪ್ಪು ನನ್ನದೇ, ಅದರಲ್ಲಿ ಎರಡು ಮಾತಿಲ್ಲ.

ಸಂಜೆ ಆಫೀಸಿನಲ್ಲಿ ಪಾರ್ಟಿ, ಕ್ಲರ್ಕ್, ಇನ್ನಿಬ್ಬರು ಜೂನಿಯರ್‌ಗಳ ಎದುರು ಸೀನಿಯರ್ ಆ ಫೈಲನ್ನ ನನ್ನ ಎದೆಗೆ ಎಸೆದರು. ದಾರ ಬಿಚ್ಚಿ ಪಹಣಿ, ಮ್ಯುಟೇಶನ್, ಕ್ರಯಪತ್ರದ ನಕಲು ಎಲ್ಲ ನೆಲದ ಮೇಲೆ. ‘ಎಮ್ಮೆ ಕಾಯೋಕೆ ಹೋಗು, ನಿಮ್ಮಪ್ಪನೂ ಅದನ್ನೇ ತಾನೇ ಮಾಡೋದು’ ಅಂದರು. ನನಗಿಂತ ಮೊದಲು ಬಗ್ಗಿ ಕಾಗದ ಆರಿಸಿದ್ದು ಕೇಸ್ ಕಳಕೊಂಡ ಆ ಮುದುಕ. ಆಮೇಲೆ ಒಂಬತ್ತು ಗಂಟೆವರೆಗೂ ನನ್ನನ್ನ ಚೇಂಬರ್ ಬಾಗಿಲಲ್ಲಿ ನಿಲ್ಲಿಸಿದರು. ತಿಂಗಳಿಗೆ ಕೊಡೋದು 4,000, ಅದೂ ‘ಪೆಟ್ರೋಲಿಗೆ’ ಅಂತ ಹೇಳಿ. ಇಂಥದ್ದಕ್ಕೆ ಎಲ್ಲಾದರೂ ದೂರು ಕೊಡೋಕೆ ಆಗುತ್ತಾ?

ಹಳೇ ವಕಾಲತ್ತು:
ತಮ್ಮಾ, ಮೊದಲು ಕೇಸಿನ ಮಾತು. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 9 ರೂಲ್ 9, ವಜಾ ಆದ ದಿನದಿಂದ 30 ದಿನದೊಳಗೆ ದಾವೆ ರೆಸ್ಟೋರ್ ಮಾಡಿ (ಮತ್ತೆ ನಡೆಸಿ) ಅಂತ ಅರ್ಜಿ. ಹಾಕಿದ್ದೀರಾ? ಇಲ್ಲಿ ಪೋಸ್ಟ್ ಹಾಕೋ ಮುಂಚೆ ಅದಾಗಬೇಕು. ಇನ್ನು ಬೈಗುಳದ ವಿಷಯ. ನಾನು 31 ವರ್ಷದಿಂದ ಈ ಕೋಟು ಹಾಕ್ತಿದ್ದೀನಿ. ನಮ್ಮ ಗುರುಗಳು ಇಂಕ್ ಬಾಟಲಿ ಎಸೆದವರು. ಆ ಭಯ ಇದ್ದದ್ದಕ್ಕೇ ಇವತ್ತಿಗೂ ನಾನು ಡೇಟ್ ಬರೆದು ಬೆಂಚ್ ಕ್ಲರ್ಕ್ ಹತ್ತಿರ ಇನ್ನೊಂದ್ಸಲ ಕೇಳ್ತೀನಿ. ಬೇರೆಯವರ ಹೊಲ, ಮನೆ ನಮ್ಮ ಕೈಲಿರುತ್ತೆ.

ಬಾರ್ ರೂಮ್ ಚಹಾ:
ಕೇಸಿಗಾದರೆ ಆರ್ಡರ್ 9 ರೂಲ್ 9 ಇದೆ ಸಾರ್. ಹುಡುಗನ ಮರ್ಯಾದೆ ರೆಸ್ಟೋರ್ ಮಾಡೋಕೆ ಯಾವ ಆರ್ಡರ್, ಯಾವ ರೂಲ್?

ಧಾರವಾಡದ ಮಳಿ:
ಹಳೇ ವಕಾಲತ್ತು ಸಾಹೇಬ್ರ, ಇಂಕ್ ಬಾಟ್ಲಿ ಮೈಮ್ಯಾಲೆ ಬಿದ್ದವರು ಎಷ್ಟು ಮಂದಿ ವಕೀಲಕಿ ಬಿಟ್ಟು ಹೋದ್ರು ಅನ್ನೂದನ್ನೂ ಹೇಳ್ರಿ. ಉಳಿದವರಷ್ಟ ಕಥಿ ಹೇಳಾಕ ಇರ್ತಾರ. ನಮ್ಮ ಬ್ಯಾಚಿನಾಗ ಹಿಂಗ ಬಿಟ್ಟ ಒಬ್ಬಾಂವ ಈಗ ಬ್ಯಾಂಕಿನಾಗ ಕ್ಲರ್ಕ್ ಅದಾನ. ಕ್ರಾಸ್ (ಪಾಟೀ ಸವಾಲು) ಮಾಡೂದ್ರಾಗ ನಮಗೆಲ್ಲಾ ಹಿರಿಯಾಂವ ಆಗಿದ್ದ. ಅಪ್ಪನ ಆಫೀಸಿನಾಗ ಜೂನಿಯರ್ ಆದವರಿಗೆ ಯಾರೂ ಫೈಲ್ ಒಗಿಯಂಗಿಲ್ಲ ನೋಡ್ರಿ. ಮನಿತನದಾಗ ಮೊದಲ ಸಲ ಕೋಟು ಹಾಕಿದವರಿಗೇ ಇದು.

ಹಳೇ ವಕಾಲತ್ತು:
ಅಪ್ಪನ ಕಸುಬು ಎತ್ತಿದ್ದು ತಪ್ಪು. ಅದನ್ನ ನಾನು ಸಮರ್ಥಿಸ್ತಾ ಇಲ್ಲ.

ಕಪ್ಪು ಬಿಳುಪು:
ಬೆಂಗಳೂರಿನಲ್ಲಿ ಎಂಟು ವರ್ಷದ ಪ್ರಾಕ್ಟೀಸು ನನ್ನದು. ದೂರು ಎಲ್ಲಿ ಅಂತ ಕೇಳಿದ್ದೀರಿ, ಗೊತ್ತಿರೋದು ಹೇಳ್ತೀನಿ. ವಕೀಲರ ಕಾಯ್ದೆ 1961ರ 35ನೇ ಕಲಂ ಪ್ರಕಾರ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬಹುದು. ಅಲ್ಲಿರೋದು ‘ವೃತ್ತಿಯ ಅಥವಾ ಇತರೆ ದುರ್ನಡತೆ’ ಅನ್ನೋ ಮಾತು, ಕಕ್ಷಿದಾರನಿಗೆ ಮಾಡಿದ ಮೋಸಕ್ಕೆ ಮಾತ್ರ ಸೀಮಿತ ಅಂತೇನಿಲ್ಲ. ಶಿಸ್ತು ಸಮಿತಿಯಲ್ಲಿ ಮೂರು ಜನ. ಒಂದು ವರ್ಷದೊಳಗೆ ಮುಗಿಸದಿದ್ದರೆ ಪ್ರಕರಣ ಭಾರತೀಯ ವಕೀಲರ ಪರಿಷತ್ತಿಗೆ ಹೋಗುತ್ತೆ. ಹೇಳೋಕೆ ಚೆಂದ. ಆದರೆ ಪರಿಷತ್ತಿನ ಸದಸ್ಯರನ್ನ ಆರಿಸೋರು ವಕೀಲರೇ. ನಿಮ್ಮ ಸೀನಿಯರ್ ಕೈಲಿ ಎಷ್ಟು ಓಟು, ನಿಮ್ಮ ಕೈಲಿ ಎಷ್ಟು ಅಂತ ಲೆಕ್ಕ ಹಾಕಿ.

ಪಾಶ್ ಕಾಯ್ದೆ (2013) ನಿಮ್ಮ ವಿಷಯಕ್ಕೆ ಬರಲ್ಲ. ಅದು ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳಕ್ಕೆ ಮಾತ್ರ. ಅದು ಬರೋ ಕಡೆಯೂ ವಕೀಲೆಯರ ಪಾಡು ಅಷ್ಟಕ್ಕಷ್ಟೇ. ಬಾರ್ ಕೌನ್ಸಿಲ್ (ಅದೇ ವಕೀಲರ ಪರಿಷತ್ತು) ವಕೀಲರಿಗೆ ಮಾಲೀಕ ಅಲ್ಲ, ಹಾಗಾಗಿ ವಕೀಲೆಯರ ದೂರು ಕೇಳೋಕೆ ಅದು ಸಮಿತಿ ಮಾಡಬೇಕಿಲ್ಲ ಅಂತ 2025ರ ಜುಲೈನಲ್ಲಿ ಬಾಂಬೆ ಹೈಕೋರ್ಟ್ ಹೇಳಿತು, 35ನೇ ಕಲಂ ಕಡೆಗೇ ಕೈ ತೋರಿಸಿತು.

ಕಂಪನಿ ಸೇರಿದವನು:
ಬಾರ್ ಕೌನ್ಸಿಲ್ ಮಾಲೀಕ ಅಲ್ಲ, ಸರಿ. ಸೀನಿಯರ್ ಮಾಲೀಕ ಹೌದೋ ಅಲ್ಲವೋ? ಬಾರ್ ಕೌನ್ಸಿಲ್ ನಿಯಮ 49ರ ಪ್ರಕಾರ ಪ್ರಾಕ್ಟೀಸ್ ಮಾಡೋ ವಕೀಲ ಪೂರ್ಣಾವಧಿ ಸಂಬಳದ ನೌಕರ ಆಗೋ ಹಾಗಿಲ್ಲ. ಸಂಬಳ ಕೇಳಿದರೆ ‘ನೀನು ನೌಕರ ಅಲ್ಲ, ಸ್ವತಂತ್ರ ವಕೀಲ’. ಭಾನುವಾರ ರಜೆ ಕೇಳಿದರೆ ‘ಎಲ್ಲಿ ಹೊರಟೆ ಮಗನೇ’. ನಾನು ಆರು ವರ್ಷ ಸ್ವತಂತ್ರ ವಕೀಲನಾಗಿ ಸೀನಿಯರ್ ಮನೆ ಗ್ಯಾಸ್ ಸಿಲಿಂಡರ್ ಬುಕ್ ಮಾಡಿದ್ದೀನಿ, ಅವರ ಮಗಳನ್ನ ಟ್ಯೂಷನ್‌ಗೆ ಬಿಟ್ಟಿದ್ದೀನಿ. ಸನ್ನದು ಅಮಾನತಿನಲ್ಲಿಟ್ಟು ಕಂಪನಿ ಸೇರಿದ ಮೇಲೇ ಪೇ ಸ್ಲಿಪ್ ಅನ್ನೋದು ಹೇಗಿರುತ್ತೆ ಅಂತ ನೋಡಿದ್ದು.

ಕಪ್ಪು ಬಿಳುಪು:
ಪಾಶ್‌ನ ವ್ಯಾಖ್ಯೆ ನಿಯಮ 49ರಷ್ಟು ಇಕ್ಕಟ್ಟಾಗಿಲ್ಲ. ಸಂಬಳ ಇರಲಿ ಬಿಡಲಿ, ಟ್ರೈನಿ, ಅಪ್ರೆಂಟಿಸ್ ಕೂಡ ಅದರಲ್ಲಿ ‘ಉದ್ಯೋಗಿ’. ಜೂನಿಯರ್ ವಕೀಲೆ ಅದರೊಳಗೆ ಬರ್ತಾಳೆ ಅಂತ ವಾದಿಸೋಕೆ ಜಾಗ ಇದೆ. ಹತ್ತಕ್ಕಿಂತ ಕಡಿಮೆ ಜನ ಇರೋ ಆಫೀಸು, ಅಥವಾ ದೂರು ಯಜಮಾನನ ಮೇಲೇ ಆದರೆ ಜಿಲ್ಲಾ ಸ್ಥಳೀಯ ಸಮಿತಿಗೆ ಕೊಡಬೇಕು. ಮೂರು ತಿಂಗಳ ಗಡುವು, ಕಾರಣ ಇದ್ದರೆ ಇನ್ನೂ ಮೂರು.

ನಾನು ಕೊಡಲಿಲ್ಲ. ಎರಡನೇ ವರ್ಷದಲ್ಲಿ ಸೀನಿಯರ್ ಒಬ್ಬರು ಡ್ರಾಫ್ಟ್ ತಿದ್ದೋ ನೆಪದಲ್ಲಿ ಕುರ್ಚಿ ಹಿಂದೆ ನಿಂತು ಹೆಗಲ ಮೇಲೆ ಕೈ ಇಡ್ತಿದ್ದರು. ಪೆನ್ ನನ್ನ ಕೈಲಿ, ಅವರ ಕಣ್ಣು ಕಾಗದದ ಮೇಲಲ್ಲ. ಮೂರು ತಿಂಗಳು ನಾನು ಹುಡುಕಿದ್ದು ದೂರು ಕೊಡೋ ಜಾಗ ಅಲ್ಲ, ಬೇರೆ ಆಫೀಸು. ‘ಅಲ್ಲಿಂದ ಯಾಕಮ್ಮಾ ಬಿಟ್ಟೆ’ ಅಂತ ಎಲ್ಲರೂ ಕೇಳೋರು. ದೂರ ಆಗುತ್ತೆ ಸಾರ್ ಅಂತಿದ್ದೆ.

ಹಳೇ ವಕಾಲತ್ತು:
ತಾಯಿ, ಅದು ಬೇರೆ ಮಾತು. ಅದಕ್ಕೆ ಕ್ಷಮೆ ಇಲ್ಲ.

ಕಪ್ಪು ಬಿಳುಪು:
ಬೇರೆ ಅಲ್ಲ ಸಾರ್. ಅವನು ಒಂಬತ್ತರವರೆಗೆ ಬಾಗಿಲಲ್ಲಿ ನಿಂತ, ನಾನು ಕುರ್ಚಿಯಿಂದ ಏಳಲಿಲ್ಲ. ಇಬ್ಬರೂ ಸುಮ್ಮನಿದ್ದದ್ದು ನಾಳೆ ವಕಾಲತ್ತಿನಲ್ಲಿ ಹೆಸರು ಬೇಕು ಅಂತ.

ಬಾರ್ ರೂಮ್ ಚಹಾ:
ಅಂತರರಾಷ್ಟ್ರೀಯ ವಕೀಲರ ಸಂಘ 2019ರಲ್ಲಿ 135 ದೇಶಗಳ ಹತ್ತಿರ ಹತ್ತಿರ 7,000 ಜನರನ್ನ ಕೇಳಿತ್ತು. ಹೆಂಗಸರಲ್ಲಿ ಇಬ್ಬರಲ್ಲಿ ಒಬ್ಬರು, ಗಂಡಸರಲ್ಲಿ ಮೂವರಲ್ಲಿ ಒಬ್ಬರು ದಬ್ಬಾಳಿಕೆ ಅನುಭವಿಸಿದ್ದೀವಿ ಅಂದಿದ್ದರು. ಅಂದರೆ ನಮ್ಮ ಬಾರ್ ರೂಮಿನ ಒಂದು ಬೆಂಚಲ್ಲಿ ಆರು ಜನ ಕೂತರೆ... ಬೇಡ ಬಿಡಿ, ಚಹಾ ಆರಿ ಹೋಗುತ್ತೆ.

ಧಾರವಾಡದ ಮಳಿ:
ಕೇರಳದಾಗ ಏನಾತು ನೋಡ್ರಿ. 2025ರ ಮೇ ತಿಂಗಳು, ತಿರುವನಂತಪುರದ ವಂಚಿಯೂರು. ಜೂನಿಯರ್ ಹೆಣ್ಣುಮಗಳೊಬ್ಬಾಕಿ ಮಾರಿಮ್ಯಾಲೆ ಸೀನಿಯರ್ ಹೊಡದಿದ್ದ. ಆಕಿ ಸುಮ್ನ ಕುಂದರಲಿಲ್ಲ. ಪೊಲೀಸರು ಹಿಡಿದ್ರು, ಅಲ್ಲಿನ ಬಾರ್ ಕೌನ್ಸಿಲ್ ವಿಚಾರಣಿ ಮುಗಿಯೂತನಾ ಪ್ರಾಕ್ಟೀಸ್ ಮಾಡಬ್ಯಾಡ ಅಂತು. ಆಗೂದಿಲ್ಲ ಅಂತೇನಿಲ್ಲ.

ಕಂಪನಿ ಸೇರಿದವನು:
ಅಲ್ಲಿ ಮುಖದ ಮೇಲೆ ಗಾಯ ಇತ್ತು, ಫೋಟೋ ಇತ್ತು. ಎದೆಗೆ ಬಿದ್ದ ಫೈಲಿಗೆ ಯಾವ ವೂಂಡ್ ಸರ್ಟಿಫಿಕೇಟು? ನಮ್ಮಲ್ಲೂ ವಕೀಲರ ಮೇಲಿನ ಹಿಂಸೆ ತಡೆಯೋ ಕಾಯ್ದೆ 2023ರಲ್ಲಿ ಪಾಸಾಯಿತು, ಚಿಕ್ಕಮಗಳೂರಿನಲ್ಲಿ ಪೊಲೀಸರು ವಕೀಲರೊಬ್ಬರಿಗೆ ಹೊಡೆದ ಗಲಾಟೆ ಬಿಸಿ ಇದ್ದಾಗಲೇ. ಆವಾಗ ಎಲ್ಲರೂ ಕಲಾಪ ಬಿಟ್ಟು ಬೀದಿಗಿಳಿದರು. ಹೊರಗಿನವನು ಹೊಡೆದರೆ ನಾವೆಲ್ಲ ಒಂದು.

ಹಳೇ ವಕಾಲತ್ತು:
ಕೊಡೋ ದುಡ್ಡಿನ ಬಗ್ಗೆ ಒಂದು ಮಾತು. ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರ್‌ನಲ್ಲಿ ಜೂನಿಯರ್‌ಗೆ ನಗರದಲ್ಲಿ 20,000, ಗ್ರಾಮೀಣ ಭಾಗದಲ್ಲಿ 15,000 ಕೊಡಿ ಅಂತ ಸುತ್ತೋಲೆ ಕಳಿಸಿತು. ಬರೀ ಸಲಹೆ. ನನ್ನಂಥ ತಾಲೂಕು ವಕೀಲ ಎಲ್ಲಿಂದ ತರಲಿ? ಪಾರ್ಟಿ ಫೀಸಿನ ಬದಲು ಒಂದು ಮೂಟೆ ರಾಗಿ ಇಳಿಸಿ ಹೋದ ವರ್ಷಗಳೂ ಇವೆ. ಈಗ ನನ್ನ ಹತ್ತಿರ ಇಬ್ಬರಿದ್ದಾರೆ, ತಲಾ 6,000. ಇದಕ್ಕೆ ನನಗೂ ನಾಚಿಕೆ ಇದೆ.

ಧಾರವಾಡದ ಮಳಿ:
ರೊಕ್ಕ ಇಲ್ಲಾಂದ್ರ ತಿಳೀತೈತ್ರಿ. ಬೈಯ್ಯದs ಇರಾಕ ರೊಕ್ಕ ಬೇಕಾಗಂಗಿಲ್ಲಲ್ಲಾ?

ಬಾರ್ ರೂಮ್ ಚಹಾ:
ಒಂದು ಸಣ್ಣ ಡೌಟು. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಮುಂದಿನ ಡೇಟ್ ಬರುತ್ತಲ್ಲ, ಸಂಜೆ ಒಂದ್ಸಲ ನೋಡೋ ರೂಢಿ ಆ ಆಫೀಸಿನಲ್ಲಿ ಯಾಕಿಲ್ಲ? ಸೆವೆನ್ನೋ ಲೆವೆನ್ನೋ ಅಲ್ಲೇ ಸಿಕ್ಕಿಬೀಳ್ತಿತ್ತು. ಒಬ್ಬ ಹುಡುಗನ ಕಿವಿ ನಂಬಿ ಇಡೀ ಆಫೀಸು ನಡೆಸೋದು ಯಾರ ತಪ್ಪು?

ಒಂದೂವರೆ ವರ್ಷದ ಕೋಟು:
ಎಲ್ಲರದ್ದೂ ಓದಿದೆ. ಆ್ಯಪ್ ನೋಡಬೇಕಿತ್ತು, ಒಪ್ಪಿದೆ. ಇವತ್ತು ಮತ್ತೆ ಆಫೀಸಿಗೆ ಹೋದೆ, ಬೇರೆ ಎಲ್ಲಿಗೆ ಹೋಗಲಿ. ಸೀನಿಯರ್ ಏನೂ ಆಗೇ ಇಲ್ಲ ಅನ್ನೋ ಹಾಗೆ ಫೈಲ್ ಕೈಗಿಟ್ಟರು. ಅಲ್ಲೊಂದು ಇಲ್ಲೊಂದು ಕಾಗದದ ಮೂಲೆ ಮಡಚಿತ್ತು, ಯಾರೂ ಸರಿ ಮಾಡಿರಲಿಲ್ಲ. ರೆಸ್ಟೋರೇಶನ್ ಅರ್ಜಿ ನಾನೇ ಡ್ರಾಫ್ಟ್ ಮಾಡಬೇಕಂತೆ. ಅಫಿಡವಿಟ್ಟೂ ನನ್ನ ಹೆಸರಲ್ಲೇ. ‘ನನ್ನ ಬೇಜವಾಬ್ದಾರಿ ಮತ್ತು ಅಜ್ಞಾನದಿಂದ’ ಅಂತ ಬರೆದು ಸಹಿ ಹಾಕು ಅಂದರು. 30 ದಿನಕ್ಕೆ ಇನ್ನು ನಾಲ್ಕು ದಿನ ಇದೆ. ಹಾಗೆ ಬರೆದರೆ ಮುಂದೆ ನನಗೆ ತೊಂದರೆ ಆಗುತ್ತಾ?

ಹಳೇ ವಕಾಲತ್ತು:
ಹಾಗೆ ಬರೀಬೇಡ. ‘ಮುಂದಿನ ವಿಚಾರಣಾ ದಿನಾಂಕವು 7ರ ಬದಲಾಗಿ 11 ಎಂದು ಡೈರಿಯಲ್ಲಿ ತಪ್ಪಾಗಿ ನಮೂದಾದ ಕಾರಣ ವಾದಿ ಮತ್ತು ವಾದಿ ಪರ ವಕೀಲರು ಹಾಜರಾಗಲು ಸಾಧ್ಯವಾಗಿರುವುದಿಲ್ಲ, ಗೈರುಹಾಜರಿ ಉದ್ದೇಶಪೂರ್ವಕವಲ್ಲ.’ ಕೋರ್ಟಿಗೆ ಇಷ್ಟು ಸಾಕು. ಡೈರಿ ಪುಟದ ಜೆರಾಕ್ಸ್ ಲಗತ್ತಿಸು. ಸೀನಿಯರ್ ಕೇಳಿದರೆ, ‘ವಕೀಲರ ಅಜ್ಞಾನ’ ಅಂತ ಬರೆದರೆ ಎದುರಿನವರು ಆಬ್ಜೆಕ್ಷನ್‌ನಲ್ಲಿ ಅದನ್ನೇ ಹಿಡಕೊಳ್ತಾರೆ, ಪಾರ್ಟಿಗೆ ಪೆಟ್ಟು ಬೀಳುತ್ತೆ ಅನ್ನು. ಆ ಮಾತು ಅವರ ಕಿವಿಗೆ ಹೋಗುತ್ತೆ. ಡ್ರಾಫ್ಟ್ ಇವತ್ತು ರಾತ್ರಿ ಕಳಿಸು, ನೋಡ್ತೀನಿ.