22ನೇ ಸಂಖ್ಯೆಯ ಗಾಳಕ್ಕೆ ಮಿಡ್ಜ್ ಕಟ್ಟುವುದು ಹೇಗೆ?

ಪ್ರಶ್ನೆ (ಡೆನ್ವರ್‌ನಿಂದ): ಇಲ್ಲಿಗೆ ಬಂದ ಮೇಲೆ ಟ್ರೌಟ್ ಹಿಡಿಯುವ ಹವ್ಯಾಸ ಹತ್ತಿಕೊಂಡಿದೆ. 14ನೇ ಸಂಖ್ಯೆಯ ಗಾಳಕ್ಕೆ ಫ್ಲೈ (ದಾರ, ಗರಿಗಳಿಂದ ಹುಳುವಿನಂತೆ ಮಾಡುವ ಕೃತಕ ಎರೆ) ಕಟ್ಟುವುದು ಕೈಗೆ ಒಗ್ಗಿದೆ. ಆದರೆ ಚಳಿಗಾಲದಲ್ಲಿ ಸೌತ್ ಪ್ಲಾಟ್ ನದಿಗೆ ಬೇಕಾಗುವ ಝೀಬ್ರಾ ಮಿಡ್ಜನ್ನು (ಮಿಡ್ಜ್ ಎಂಬ ಪುಟ್ಟ ನೊಣದ ಮರಿಯನ್ನು ಹೋಲುವ, ತಂತಿಯ ಪಟ್ಟೆಯಿರುವ ಫ್ಲೈ) 20 ಅಥವಾ 22ರಲ್ಲಿ (ಸಂಖ್ಯೆ ಹೆಚ್ಚಿದಷ್ಟೂ ಗಾಳ ಚಿಕ್ಕದು) ಕಟ್ಟಲು ಹೋದರೆ ಮೈ ಉಬ್ಬುತ್ತದೆ, ತಂತಿಯ ಪಟ್ಟೆ ಕಾಣುವುದಿಲ್ಲ, ಅರ್ಧದಲ್ಲೇ ದಾರ ಹರಿಯುತ್ತದೆ. ಬಲ್ಲವರು ದಯವಿಟ್ಟು ತಿಳಿಸಿಕೊಡಿ.

ಉತ್ತರ 1 (ಕೊಲರಾಡೊ ಸ್ಪ್ರಿಂಗ್ಸ್): ನೀವು ಹೇಳಿದ ತೊಂದರೆಗಳಲ್ಲಿ ಮುಕ್ಕಾಲು ಪಾಲು ದಾರದ್ದೇ. 14ಕ್ಕೆ ಬಳಸಿದ, ತುಸು ದಪ್ಪದ 6/0 ದಾರವನ್ನೇ 22ಕ್ಕೂ ಸುತ್ತಿದರೆ, ಎಷ್ಟೇ ನಾಜೂಕಾಗಿ ಕೆಲಸ ಮಾಡಿದರೂ ಮೈ ಉಬ್ಬದೆ ಇರದು. 70 ಡೆನಿಯರ್‌ನ, ಚಪ್ಪಟೆಯಾಗಿ ಕೂರುವ ದಾರವನ್ನು ಕೊಳ್ಳಿ. (9,000 ಮೀಟರ್ ಎಳೆ ಎಷ್ಟು ಗ್ರಾಂ ತೂಗುತ್ತದೆಯೋ ಅಷ್ಟು ಡೆನಿಯರ್, ರೇಷ್ಮೆಯ ನಂಟಿರುವ ಊರಿನವರಿಗೆ ಈ ಲೆಕ್ಕ ಹೊಸದೇನಲ್ಲ.) ಬಾಬಿನ್‌ಗೆ (ದಾರದ ಉರುಳೆ ಹಿಡಿಯುವ ಸಾಧನ) ಜೋತುಬಿದ್ದ ದಾರ ಪ್ರತಿ ಸುತ್ತಿಗೂ ಒಂದೊಂದು ಹುರಿ ಏರಿಸಿಕೊಳ್ಳುತ್ತದೆ, ಹುರಿಗೊಂಡಷ್ಟೂ ಉರುಟಾಗಿ ಒಂದರ ಮೇಲೊಂದು ಹತ್ತಿ ಕೂರುತ್ತದೆ. ಆದ್ದರಿಂದ ಬಲಗೈಯಲ್ಲಿ ಕಟ್ಟುವವರು ಆಗಾಗ ಕೈ ನಿಲ್ಲಿಸಿ, ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಬಾಬಿನನ್ನು ತಿರುಗಿಸಿ ಹುರಿ ಬಿಚ್ಚಬೇಕು. ಎಳೆಗಳು ಹರಡಿಕೊಂಡು ದಾರ ಪಟ್ಟಿಯಂತಾಗುವುದು ಬರಿಗಣ್ಣಿಗೇ ಕಾಣುತ್ತದೆ.

ಕಟ್ಟುವ ಕ್ರಮವನ್ನೂ ಹೇಳುತ್ತೇನೆ. ಗಾಳದ ಮುಳ್ಳನ್ನು ಮೊದಲೇ ಒತ್ತಿ ಮಡಿಸಿ, 1.5 ಮಿಲಿಮೀಟರ್ ಟಂಗ್‌ಸ್ಟನ್ ಮಣಿಯನ್ನು ಅದರ ಕಿರಿದಾದ ತೂತು ಗಾಳದ ಕಣ್ಣಿನ ಕಡೆಗೆ ಬರುವಂತೆ ಪೋಣಿಸಿ. ದಾರವನ್ನು ಮಣಿಯ ಹಿಂದೆಯೇ ಶುರು ಮಾಡಿ, ಅತಿ ಸಣ್ಣ ಬೆಳ್ಳಿ ಬಣ್ಣದ ತಂತಿಯ ತುದಿಯನ್ನು ಮಣಿಯ ಬುಡಕ್ಕೆ ತಾಗಿಸಿ, ಅಲ್ಲಿಂದ ಬಾಗಿನವರೆಗೂ ಅದನ್ನು ದಾರದ ಕೆಳಗೆ ಮುಚ್ಚುತ್ತಾ ಹೋಗಿ. ತಂತಿಯನ್ನು ನಡುದಾರಿಯಲ್ಲಿ ಕಟ್ಟಿದರೆ ಅಲ್ಲೊಂದು ಮೆಟ್ಟಿಲು ಉಳಿದು, ಮೇಲೆ ಏನು ಸುತ್ತಿದರೂ ಎದ್ದು ಕಾಣುತ್ತದೆ. ಬಾಗಿನಿಂದ ದಾರವನ್ನು ಮತ್ತೆ ಮಣಿಯವರೆಗೆ ಒಂದೇ ಪದರದಲ್ಲಿ ತನ್ನಿ. ಮಣಿಯ ಸಮೀಪದಲ್ಲಿ ಮಾತ್ರ ಎರಡು ಮೂರು ಸುತ್ತು ಹೆಚ್ಚಿಗೆ ಹಾಕಿದರೆ ಬಾಲದಿಂದ ತಲೆಗೆ ತುಸುವೇ ದಪ್ಪವಾಗುವ ಆಕಾರ ತಾನಾಗಿ ಬರುತ್ತದೆ. ದಾರ ಸುತ್ತಿದ ದಿಕ್ಕಿಗೆ ವಿರುದ್ಧವಾಗಿ ತಂತಿಯನ್ನು ಐದಾರು ಸುತ್ತು ತನ್ನಿ. ಅದೇ ದಿಕ್ಕಿನಲ್ಲಿ ಸುತ್ತಿದರೆ ತಂತಿ ದಾರದ ಸಂದಿಗಳಿಗೆ ಇಳಿದುಬಿಡುತ್ತದೆ. ಪಟ್ಟೆ ಕಾಣದಿರುವುದಕ್ಕೆ ಕಾರಣ ಇದೇ ಇರಬೇಕು. ಉಳಿದ ತಂತಿಗೆ ಕತ್ತರಿ ಹಾಕಬೇಡಿ, ಬಿಗಿಯಾಗಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿದರೆ ಬುಡದಲ್ಲೇ ಮುರಿಯುತ್ತದೆ. ಕೊನೆಗೆ ದಾರದ ತುದಿಯನ್ನು ಅದರದೇ ಸುತ್ತುಗಳ ಕೆಳಗೆ ಸಿಕ್ಕಿಸುವ ವಿಪ್ ಫಿನಿಶ್ ಗಂಟಿಗೆ ಮೂರು ಸುತ್ತು ಸಾಕು.

ಉತ್ತರ 2 (ಸಾಲ್ಟ್ ಲೇಕ್ ಸಿಟಿ): ಮೇಲಿನವರು ದಾರ ಹರಿಯುವ ವಿಷಯವನ್ನು ಬಿಟ್ಟಿದ್ದಾರೆ. ಇಷ್ಟು ಚಿಕ್ಕ ಗಾಳದಲ್ಲಿ ಸುತ್ತುವ ಜಾಗಕ್ಕೂ ಮೊನೆಗೂ ಅಂತರ ಬಹಳ ಕಡಿಮೆ. ಕೆಳಗಿನಿಂದ ಬರುವ ದಾರ ಮೊನೆಗೆ ತಾಗಿ ಒಂದು ಎಳೆ ಕತ್ತರಿಸಿಕೊಂಡರೂ ಮುಂದಿನ ಬಿಗಿತಕ್ಕೆ ತುಂಡಾಗುತ್ತದೆ. ಬಾಬಿನ್‌ನ ಕೊಳವೆಯನ್ನು ಗಾಳದ ಹತ್ತಿರಕ್ಕೆ ತಂದು, ಬಾಗಿನ ಕಡೆಗೆ ಹೋಗುವಾಗ ದಾರವನ್ನು ಮೊನೆಯಿಂದ ಓರೆಯಾಗಿ ಆಚೆಗೆ ಹಿಡಿದು ಸುತ್ತಿ. ವೈಸ್‌ನ (ಗಾಳ ಹಿಡಿದಿಡುವ ಇಕ್ಕಳ) ಹಿಂದೆ ತಿಳಿಬಣ್ಣದ ಕಾಗದ ನಿಲ್ಲಿಸಿಕೊಳ್ಳಿ. ಕಪ್ಪು ದಾರ ಆಗ ಸ್ಪಷ್ಟವಾಗಿ ಕಾಣುತ್ತದೆ. ಕಣ್ಣಿಗೆ ಶ್ರಮವೆನಿಸಿದರೆ ಭೂತಗನ್ನಡಿಯ ದೀಪ ಕೊಳ್ಳುವುದಕ್ಕೆ ಸಂಕೋಚ ಬೇಡ.

ಉತ್ತರ 3 (ನ್ಯೂ ಮೆಕ್ಸಿಕೊ): ಕಟ್ಟುವ ಕ್ರಮದ ಬಗ್ಗೆ ನನ್ನ ತಕರಾರಿಲ್ಲ, ಮಣಿಯ ಬಗ್ಗೆ ಇದೆ. ನವಾಹೊ ಅಣೆಕಟ್ಟಿನ ಕೆಳಗಿನ ಸ್ಯಾನ್ ಹ್ವಾನ್ ನದಿಯಲ್ಲಾಗಲಿ ನಿಮ್ಮ ಸೌತ್ ಪ್ಲಾಟ್‌ನಲ್ಲಾಗಲಿ, ಜಲಾಶಯದ ಆಳದಿಂದ ಬರುವ ನೀರು ಚಳಿಗಾಲದಲ್ಲೂ ಹೆಪ್ಪುಗಟ್ಟದಿರುವುದರಿಂದ, ಬೇರೆ ಹುಳುಗಳು ಕಾಣದ ತಿಂಗಳುಗಳಲ್ಲೂ ಮಿಡ್ಜ್‌ಗಳು ನೀರಿನಿಂದ ಏಳುತ್ತಲೇ ಇರುತ್ತವೆ. ಮರಿಹುಳು ತಳದಲ್ಲಿರುತ್ತದೆ, ಕೋಶಾವಸ್ಥೆಗೆ ಬಂದದ್ದು ಚರ್ಮದ ಒಳಗೆ ಗಾಳಿ ತುಂಬಿಕೊಂಡು ಮೇಲೇರಿ, ನೀರಿನ ಮೇಲ್ಪದರದ ಕೆಳಗೆ ತೂಗಾಡುತ್ತದೆ. ಮೀನು ತಳದಲ್ಲಿ ಮೇಯುವಾಗ ಟಂಗ್‌ಸ್ಟನ್ ಸರಿ, ಅದು ಹಿತ್ತಾಳೆಯ ಎರಡು ಪಟ್ಟಿಗಿಂತ ಹೆಚ್ಚು ಸಾಂದ್ರ. ಆದರೆ ಮಧ್ಯಾಹ್ನ ಮೀನಿನ ಬೆನ್ನು ಮಾತ್ರ ನೀರಿನ ಮೇಲೆ ಕಂಡು ಮೂತಿ ಕಾಣದಿದ್ದರೆ ಅದು ಮೇಲ್ಪದರದ ಕೆಳಗೆ ತಿನ್ನುತ್ತಿದೆ ಎಂದರ್ಥ; ಆಗ ಮಣಿ ಹಾಕಿದ ಫ್ಲೈ ಅದರ ಹೊಟ್ಟೆಯ ಕೆಳಗೆ ಹಾದುಹೋಗುತ್ತದೆ. ಆದ್ದರಿಂದ ಅರ್ಧದಷ್ಟನ್ನು ಮಣಿಯಿಲ್ಲದೆ, ತಲೆಯ ಜಾಗದಲ್ಲಿ ಬಿಳಿ ದಾರದ ನಾಲ್ಕು ಸುತ್ತು ಹಾಕಿ ಕಟ್ಟಿಟ್ಟುಕೊಳ್ಳಿ. ಮೊದಲಿಗೆ ಕಪ್ಪು ಸಾಕು. ಕೆಂಪನ್ನು ಆಮೇಲೆ ಸೇರಿಸಿ, ಏಕೆಂದರೆ ಹಲವು ಮಿಡ್ಜ್ ಮರಿಹುಳುಗಳು ಹಿಮೋಗ್ಲೋಬಿನ್‌ನಿಂದಾಗಿ ಕೆಂಪಗಿರುತ್ತವೆ.

ಮೇಲೆ ತೇಲುವ ಫ್ಲೈ ಬೇಕಾದರೆ ಗ್ರಿಫಿತ್ಸ್ ನ್ಯಾಟ್ ಕಲಿಯಿರಿ. 1959ರಲ್ಲಿ ಮಿಶಿಗನ್‌ನಲ್ಲಿ ಟ್ರೌಟ್ ಅನ್‌ಲಿಮಿಟೆಡ್ ಸಂಸ್ಥೆಯನ್ನು ಹುಟ್ಟುಹಾಕಿದವರಲ್ಲಿ ಒಬ್ಬರಾದ ಜಾರ್ಜ್ ಗ್ರಿಫಿತ್ ಅವರ ಹೆಸರು ಅದಕ್ಕಿದೆ. ನವಿಲುಗರಿಯ ಒಂದೆಳೆಯ ಮೈ, ಅದರ ಮೇಲೆ ಕಪ್ಪು ಬಿಳುಪು ಪಟ್ಟೆಯ ಹುಂಜದ ಕುತ್ತಿಗೆಗರಿಯ ಸುತ್ತು, ಅಷ್ಟೇ. ನವಿಲುಗರಿಯನ್ನು ಮಾತ್ರ ಊರಿನಿಂದ ತರಿಸಬೇಡಿ. ಭಾರತದಿಂದ ಅದರ ರಫ್ತಿಗೆ ನಿಷೇಧವಿದೆ, ಇಲ್ಲಿನ ಅಂಗಡಿಗಳಲ್ಲೇ ಸಿಗುತ್ತದೆ. ಕಟ್ಟಿದ್ದನ್ನು 6ಎಕ್ಸ್ ಟಿಪೆಟ್‌ಗೆ, ಅಂದರೆ ಗಾಳದ ದಾರದ ತುದಿಯ ಸುಮಾರು 0.13 ಮಿಲಿಮೀಟರ್ ದಪ್ಪದ ಎಳೆಗೆ, ಹಾಕಿ. ತಲೆಗೆ ವಾರ್ನಿಷ್ ಹಚ್ಚಿದ್ದರೆ ಒಣಗುವ ಮೊದಲೇ ಗಾಳದ ಕಣ್ಣಿನಲ್ಲಿ ಒಂದು ಕೂದಲೆಳೆ ತೂರಿಸಿ ತೆಗೆಯಿರಿ. ಕಣ್ಣು ಕಟ್ಟಿಕೊಂಡಿದ್ದರೆ ನದಿಯ ದಡದ ಚಳಿಯಲ್ಲಿ ಮರಗಟ್ಟಿದ ಬೆರಳುಗಳಿಂದ ಅದನ್ನು ಬಿಡಿಸಲಾಗದು.