ಅಪ್‌ಡೇಟ್: ಬಿಟ್‌ಕಾಯಿನ್ ಈಗ ನನ್ನ ಕೈಯಲ್ಲೇ ಇದೆ

ಎಕ್ಸ್‌ಚೇಂಜ್‌ನಲ್ಲಿರುವ, ಅಂದರೆ ಕೊಳ್ಳುವ-ಮಾರುವ ಕಂಪನಿಯ ಬಳಿ ಇರುವ ಬಿಟ್‌ಕಾಯಿನ್ ಅನ್ನು ಅಲ್ಲೇ ಬಿಡಲೇ, ಅದರ ಕೀಲಿಯನ್ನು ನಮ್ಮ ಕೈಯಲ್ಲೇ ಇಡುವ ಪುಟ್ಟ ಸಾಧನವಾದ ಹಾರ್ಡ್‌ವೇರ್ ವ್ಯಾಲೆಟ್‌ಗೆ ಸಾಗಿಸಲೇ ಎಂದು ಬೇಸಿಗೆಯಲ್ಲಿ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಸಾಗಿಸಿದ್ದೇನೆ. 2022ರ ನವೆಂಬರ್‌ನಲ್ಲಿ ಎಫ್‌ಟಿಎಕ್ಸ್ ಎಂಬ ಎಕ್ಸ್‌ಚೇಂಜ್ ದಿವಾಳಿಯಾದಾಗ ಗ್ರಾಹಕರು ತಮ್ಮ ಹಣವನ್ನೇ ತೆಗೆಯಲಾಗದೆ ನಿಂತದ್ದನ್ನು ಒಬ್ಬರು ನೆನಪಿಸಿದ್ದರು. ನನ್ನ ಮನಸ್ಸು ಗಟ್ಟಿಯಾದದ್ದು ಅಲ್ಲಿಯೇ.

ಸಾಧನವನ್ನು ತಯಾರಕರಿಂದಲೇ ನೇರವಾಗಿ ತರಿಸಿದೆ. ಮೊದಲು ಅಲ್ಪ ಮೊತ್ತ ಕಳುಹಿಸಿ, ಸಾಧನವನ್ನು ಪೂರ್ತಿ ಅಳಿಸಿ, ವ್ಯಾಲೆಟ್ ಅನ್ನು ಮರಳಿ ಪಡೆಯಲೆಂದು ಅದು ಮೊದಲಿಗೇ ಕೊಟ್ಟಿದ್ದ 24 ಪದಗಳಿಂದ ಮತ್ತೆ ತೆರೆದು ನೋಡಿದೆ. ಹಣ ಕಾಣಿಸಿದ ಮೇಲಷ್ಟೇ ಉಳಿದದ್ದನ್ನು ಕಳುಹಿಸಿದ್ದು. ಈ ಪರೀಕ್ಷೆಯನ್ನು ಯಾರೂ ಬಿಡಬೇಡಿ.

ನಿಜವಾದ ತಲೆನೋವು ಕಾಗದದ್ದು. ಚಿಕ್ಕಮಗಳೂರಿನ ಮಳೆಗಾಲದಲ್ಲಿ ನಮ್ಮ ಬೀರುವಿನೊಳಗಿನ ತೋಟದ ಪತ್ರಗಳಿಗೇ ಬೂಷ್ಟು ಹಿಡಿಯುತ್ತದೆ. ಪದಗಳನ್ನು ಬರೆದಿಟ್ಟ ಚೀಟಿ ಆಷಾಢ ಕಳೆಯುವಷ್ಟರಲ್ಲಿ ಮೆತ್ತಗಾಗಿ, ಶಾಯಿ ಹರಡಿತ್ತು. ಪಾತ್ರೆಗೆ ಹೆಸರು ಹಾಕುವವರ ಬಳಿ ಸ್ಟೀಲ್ ತಗಡಿನ ಮೇಲೆ ಕೆತ್ತಿಸೋಣ ಎಂದರು ಅಪ್ಪ. ಆ ಪದಗಳನ್ನು ಕಂಡವರು ಯಾರೇ ಆಗಲಿ, ಹಣವನ್ನು ಒಯ್ಯಬಹುದು ಎಂದು ಅವರಿಗೆ ಬಿಡಿಸಿ ಹೇಳಿದೆ. ಕೊನೆಗೆ ಅಕ್ಷರದ ಅಚ್ಚುಗಳನ್ನೂ ಸುತ್ತಿಗೆಯನ್ನೂ ತಂದು ನಾನೇ ಕುಟ್ಟಿದೆ. ಈ ಪದಗಳು ಬರುವುದು 2048 ಇಂಗ್ಲಿಷ್ ಪದಗಳ ಒಂದು ನಿಗದಿತ ಪಟ್ಟಿಯಿಂದ; ಅದರಲ್ಲಿ ಮೊದಲ ನಾಲ್ಕು ಅಕ್ಷರಗಳಿದ್ದರೆ ಪದ ಯಾವುದೆಂದು ತಿಳಿಯುತ್ತದೆ. ಹಾಗಾಗಿ ಒಂದೇ ಮಧ್ಯಾಹ್ನದಲ್ಲಿ ಕೆಲಸ ಮುಗಿಯಿತು.

ಮೊಬೈಲ್‌ನಲ್ಲಿ ಪದಗಳ ಫೋಟೋ ತೆಗೆದಿಟ್ಟುಕೊಳ್ಳಿ ಎಂದಿದ್ದವರಲ್ಲಿ ಒಂದು ವಿನಂತಿ: ದಯವಿಟ್ಟು ಆ ಸಲಹೆಯನ್ನು ಇನ್ನಾರಿಗೂ ಕೊಡಬೇಡಿ. ಫೋಟೋ ನಮಗೆ ತಿಳಿಯದೆಯೇ ಕ್ಲೌಡ್‌ಗೆ ಹೋಗಿಬಿಡಬಹುದು.

ತಗಡಿನ ಇನ್ನೊಂದು ಪ್ರತಿ ಬೇರೆ ಊರಿನಲ್ಲಿದೆ. ಎಲ್ಲಿ ಎಂಬುದು ನನ್ನ ಹೆಂಡತಿಗೆ ಮಾತ್ರ ಗೊತ್ತು.